‘ಪಾಲಿಸಲಾಗಿದೆ’ ಸಾಹೇಬರು

ಹೋದ ವಾರ ಸಂಭಾವಿತರೊಬ್ಬರು ಫೋನ್ ಮಾಡಿದ್ದರು. "ಮೇಡಂ, ನಮ್ಮ ಸರ್‌ಗೆ ಎಪ್ಪತ್ತೈದು ತುಂಬ್ತಾ ಇದೆ. ಅಭಿನಂದನ ಗ್ರಂಥ ತರ್ತಾ ಇದೀವಿ. ನೀವು ಬೆಟ್ಟದ ರಸ್ತೆ ಕೆಲಸದಲ್ಲಿ ಅವರ ಜೊತೆಗಿದ್ರಂತೆ. ಅವರ ಪರಿಸರ ಪ್ರೇಮದ ಬಗ್ಗೆ ನಾಲ್ಕು ಪುಟ ಬರೆದುಕೊಡಬೇಕು" ಎಂದರು. "ನಾಲ್ಕು ಪುಟ ಸಾಲುತ್ತೇನ್ರೀ?" ಎಂದು ಕೇಳಿದೆ. ಪಾಪ, ಅವರಿಗೆ ನನ್ನ ದನಿ ಅರ್ಥವಾಗಲಿಲ್ಲ. "ನಿಮಗೆ ಅಷ್ಟು ಅಭಿಮಾನ ಇದ್ರೆ ಆರು ಪುಟ ಆದ್ರೂ ಪರವಾಗಿಲ್ಲ ಮೇಡಂ" ಎಂದು ಖುಷಿಪಟ್ಟರು.

ಅಭಿಮಾನವಂತೆ! ಬರೆಯುತ್ತೇನೆ, ಆದರೆ ಅವರ ಗ್ರಂಥಕ್ಕಲ್ಲ. ಹೆಸರನ್ನೂ ಹಾಕುವುದಿಲ್ಲ. ಹೆಸರಿಟ್ಟು ಬೈಯುವಷ್ಟು ದೊಡ್ಡ ಮನುಷ್ಯರೂ ಅವರಲ್ಲ. ಇಂಥವರು ಊರಿಗೆ ಹತ್ತು ಜನ ಇರುತ್ತಾರೆ, ಯಾವುದಾದರೂ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮೈಸೂರಿನ ವಿದ್ಯಾರಣ್ಯಪುರಂನ ಬಾಡಿಗೆ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವಳು. ಒಂದು ಮಳೆಗಾಲದಲ್ಲಿ ಬೆಟ್ಟದ ರಸ್ತೆಯ ಒಂದು ಮಗ್ಗುಲು ಕುಸಿಯಿತು. ಅದನ್ನು ಹೊಸದಾಗಿ ಕಟ್ಟುವ ಕೆಲಸ ಶುರುವಾದಾಗ ಸಲಹಾ ಸಂಸ್ಥೆಯೊಂದು ನನ್ನನ್ನು ‘ಪರಿಸರ ಸಹಾಯಕಿ’ ಎಂದು ಕೆಲಸಕ್ಕೆ ತೆಗೆದುಕೊಂಡಿತು. ಬೆಟ್ಟ ಮೀಸಲು ಅರಣ್ಯ. ಅಲ್ಲಿ ರಸ್ತೆ ಮುಟ್ಟಬೇಕಾದರೆ ನೂರೆಂಟು ಷರತ್ತುಗಳು. ಅಗೆದ ಮಣ್ಣನ್ನು ಇಳಿಜಾರಿಗೆ ಸುರಿಯಬಾರದು, ಗುರುತು ಹಾಕದ ಮರ ಕಡಿಯಬಾರದು, ಸದ್ದು ಮಿತಿಯಲ್ಲಿರಬೇಕು, ಧೂಳೇಳದಂತೆ ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕು, ಪ್ರಾಣಿಗಳಿಗೆ ತೊಂದರೆಯಾಗಬಾರದು. ಇವೆಲ್ಲ ನಡೆಯುತ್ತಿವೆಯೇ ಎಂದು ನೋಡಿ ತಿಂಗಳು ತಿಂಗಳೂ ವರದಿ ಕೊಡಬೇಕಾದವರು ‘ಪರಿಸರ ತಜ್ಞರು’. ಆ ತಜ್ಞರೇ ನಮ್ಮ ಸಾಹೇಬರು. ಎಲ್ಲೋ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ, ಮನೆಯಲ್ಲಿ ಸುಮ್ಮನಿರಲಾರದೆ ಬಂದವರು. ನೋಡಿ ವರದಿ ಕೊಡಬೇಕಾದವರು ಎಂದೆನಲ್ಲ, ಅವರು ನೋಡುತ್ತಿರಲಿಲ್ಲ, ಬರೆಸುತ್ತಿದ್ದರು.

ವರದಿಯ ನಮೂನೆಯಲ್ಲಿ ಎಡಗಡೆ ಷರತ್ತು, ಬಲಗಡೆ ಅದರ ಸ್ಥಿತಿ. ಸಾಹೇಬರು ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ನಾನು ಓದುವ ಒಂದೊಂದು ಷರತ್ತಿಗೂ "ಪಾಲಿಸಲಾಗಿದೆ... ಹ್ಞೂಂ, ಮುಂದೆ... ಪಾಲಿಸಲಾಗಿದೆ" ಎನ್ನುತ್ತಿದ್ದರು, ಅರ್ಚನೆಯಲ್ಲಿ ಹೆಸರು ಹೆಸರಿಗೂ ‘ನಮಃ’ ಹೇಳುವ ಹಾಗೆ. ಕೂಲಿಯವರು ಬೆನ್ನ ಹಿಂದೆ ಅವರನ್ನು ‘ಪಾಲಿಸಲಾಗಿದೆ ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ಒಂದು ಸಲ ನಾನು ತಡೆಯಲಾರದೆ, "ಸಾರ್, ಎರಡನೇ ತಿರುವಿನ ಕೆಳಗೆ ಲೋಡುಗಟ್ಟಲೆ ಮಣ್ಣು ಸುರಿದಿದ್ದಾರೆ. ಕಣ್ಣಾರೆ ನೋಡಿ ಬಂದೆ" ಎಂದೆ. ಅವರು ಕಣ್ಣು ತೆರೆಯದೆಯೇ, "ಸುರಿದಿಲ್ಲಮ್ಮ, ತಾತ್ಕಾಲಿಕವಾಗಿ ಇಟ್ಟಿದ್ದಾರೆ" ಎಂದರು. ಆ ತಾತ್ಕಾಲಿಕ ಮಣ್ಣಿನ ಮೇಲೆ ಈಗ ಲಂಟಾನ ಆಳೆತ್ತರಕ್ಕೆ ಬೆಳೆದು ನಿಂತಿದೆ.

ನೋಡಲು ಲಕ್ಷಣವಾಗಿಯೇ ಇದ್ದರು. ಇಸ್ತ್ರಿ ಹಾಕಿದ ಖಾದಿ ಜುಬ್ಬಾ, ಹಣೆಗೆ ದೇವಿಯ ಕುಂಕುಮ, ತಲೆಯ ಮೇಲೆ ಹಳದಿ ಹೆಲ್ಮೆಟ್ಟು. ಹೆಲ್ಮೆಟ್ಟಿಗೆ ಅಂಗಡಿಯಲ್ಲಿ ಸುತ್ತಿಕೊಟ್ಟ ಪ್ಲಾಸ್ಟಿಕ್ಕನ್ನು ಎರಡು ವರ್ಷವಾದರೂ ಕಿತ್ತಿರಲಿಲ್ಲ. ಅವರ ಬೂಟಿಗೆ ಬೆಟ್ಟದ ಮಣ್ಣು ತಾಗಿದ್ದನ್ನು ನಾನಂತೂ ಕಾಣೆ. ಡಾಂಬರು ಮುಗಿದಲ್ಲಿಗೆ ಅವರ ತಪಾಸಣೆಯೂ ಮುಗಿಯುತ್ತಿತ್ತು. "ಕೆಳಗೇನಿದೆ ನೋಡ್ಕೊಂಡು ಬಾರಮ್ಮ" ಎಂದು ನನ್ನನ್ನು ಇಳಿಜಾರಿಗೆ ಇಳಿಸಿ, ತಾವು ಡ್ರೈವರ್ ಕೈಲಿ ಚುರುಮುರಿ ತರಿಸಿಕೊಳ್ಳುತ್ತಿದ್ದರು. ತಿಂದ ಮೇಲೆ ಕಾಗದದ ಪೊಟ್ಟಣವನ್ನು ಕಿಟಕಿಯಿಂದ ಎಸೆಯುವವರಲ್ಲ, ಅಷ್ಟರ ಮಟ್ಟಿಗೆ ಪರಿಸರವಾದಿಗಳೇ. ಡ್ರೈವರ್ ಕೈಗೆ ಕೊಟ್ಟು "ವಿಲೇವಾರಿ ಮಾಡಪ್ಪ" ಎನ್ನುತ್ತಿದ್ದರು. ಅವನು ನಾಲ್ಕು ಹೆಜ್ಜೆ ಆಚೆ ಹೋಗಿ ಪೊದೆಗೆ ಎಸೆದು ಬರುತ್ತಿದ್ದ. ಸಾಹೇಬರು ಆ ಹೊತ್ತಿಗೆ ಸರಿಯಾಗಿ ಊರಿನ ಕಡೆ ತಿರುಗಿ, "ಎಂಥಾ ದೃಶ್ಯ ನೋಡಮ್ಮ" ಎನ್ನುತ್ತಿದ್ದರು.

ಸದ್ದು ಅಳೆಯಲು ಅಂಗೈಯಗಲದ ಯಂತ್ರವೊಂದಿತ್ತು. ಅದು ಚೀಲದಿಂದ ಹೊರಗೆ ಬರುತ್ತಿದ್ದುದು ಮಧ್ಯಾಹ್ನ ಒಂದೂವರೆಗೆ, ಜೆಸಿಬಿಯವನು ಊಟಕ್ಕೆ ಕೂತು, ಕಲ್ಲು ಕೊರೆಯುವ ಯಂತ್ರಗಳೆಲ್ಲ ನಿಂತ ಮೇಲೆ. "ಈಗ ಹಿಡೀಮ್ಮ. ಆಹಾ, ಎಷ್ಟು ಪ್ರಶಾಂತವಾಗಿದೆ! ನವಿಲು ಕೂಗೋದೂ ಕೇಳ್ತಾ ಇದೆ" ಎನ್ನುತ್ತಿದ್ದರು. ಒಂದು ದಿನ ಆ ಹೊತ್ತಿನಲ್ಲಿ ಕೂಲಿಯವನೊಬ್ಬ ಊಟದ ಡಬ್ಬಿಯನ್ನು ಕಲ್ಲಿನ ಮೇಲೆ ಬೀಳಿಸಿದ. ಸಾಹೇಬರು ರೇಗಿದ್ದೇ ರೇಗಿದ್ದು. "ಮೀಸಲು ಅರಣ್ಯ ಕಣಯ್ಯ ಇದು! ಸದ್ದು ಮಾಡಬಾರದು ಅನ್ನೋ ಪರಿಜ್ಞಾನ ಬೇಡ್ವಾ ನಿಂಗೆ?" ಬೆಳಗಿನಿಂದ ಬಂಡೆ ಒಡೆದು ಕಿವಿ ಮಂದವಾಗಿದ್ದ ಆ ಮನುಷ್ಯ, ಯಾರಿಗೆ ಬೈಯುತ್ತಿದ್ದಾರೋ ಎಂದು ಹಿಂದೆ ತಿರುಗಿ ನೋಡಿದ.

ಇನ್ನು ಗಿಡ ನೆಡುವ ಕತೆ. ನರ್ಸರಿಯಿಂದ ಹೊಂಗೆ, ಬೇವು, ನೇರಳೆ ಸಸಿಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ ಆಟೋದಲ್ಲಿ ತರಿಸುತ್ತಿದ್ದರು. ಮೊದಲ ತಿರುವಿನಲ್ಲಿ ಅವನ್ನು ಸಾಲಾಗಿ ಇಟ್ಟು, ಕೈಯಲ್ಲಿ ಪುಟ್ಟ ಗುದ್ದಲಿ ಹಿಡಿದು, "ಬೆಳಿ ಮಗು, ಬೆಳಿ" ಎಂದು ಒಂದು ಫೋಟೋ. ಅವೇ ಸಸಿಗಳು ಮತ್ತೆ ಆಟೋ ಹತ್ತಿ ಎರಡನೇ ತಿರುವಿಗೆ, ಅಲ್ಲಿಂದ ಮೂರನೆಯದಕ್ಕೆ. ಸಂಜೆಗೆ ಎಲೆ ಜೋತುಬಿದ್ದ ಸಸಿಗಳನ್ನು ಶೆಡ್ಡಿನ ಹಿಂದೆ ಇಳಿಸಿ, "ನಾಳೆ ನೆಟ್ಟರಾಯ್ತು ಬಿಡಿ" ಎಂದು ಹೊರಟುಬಿಡುತ್ತಿದ್ದರು. ನಾನು ಒಂದೆರಡು ಬೇವನ್ನು ತಂದು ನಮ್ಮ ಬೀದಿಯಲ್ಲಿ ನೆಟ್ಟೆ. ಆ ಕೆಲಸದಿಂದ ಮೈಸೂರಿಗೆ ಸಿಕ್ಕ ನೆರಳು ಅಷ್ಟೇ.

ಒಂದು ಮಾತು ಹೇಳಿಬಿಡಬೇಕು. ಲಂಚ ಮುಟ್ಟುವವರಲ್ಲ. ನನ್ನ ತಾಯಿ ಆಸ್ಪತ್ರೆ ಸೇರಿದ್ದಾಗ ಮೂರು ದಿನ ತಮ್ಮ ಮನೆಯಿಂದ ಗಂಜಿ ಮಾಡಿಸಿ ಕಳಿಸಿದ್ದರು. ಅದಕ್ಕೇ ಅವರನ್ನು ಕಳ್ಳ ಎಂದು ಬೈದು ಕೈ ತೊಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ಕಳ್ಳನಿಗೆ ತಾನು ಕದ್ದದ್ದಾದರೂ ಗೊತ್ತಿರುತ್ತದೆ. ಇವರಿಗೆ ಕಾಗದದ ಮೇಲೆ ಬರೆದದ್ದೆಲ್ಲ ನಡೆದೇ ಹೋಗಿದೆ ಎಂಬ ನಂಬಿಕೆ. ‘ಪಾಲಿಸಲಾಗಿದೆ’ ಎಂದು ಬರೆಸಿದ ದಿನ ಅವರ ಮುಖದಲ್ಲಿ ನಿಜವಾದ ನೆಮ್ಮದಿ ಕಾಣುತ್ತಿತ್ತು. ಆ ನೆಮ್ಮದಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ದೊಣೆಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಹೊರಟದ್ದೂ ಅದಕ್ಕೇ.

ಮೂರನೇ ತಿರುವಿನ ಕೆಳಗೆ, ದೊಡ್ಡ ಬಂಡೆಗಳ ಸಂದಿಯಲ್ಲಿ ಒಂದು ದೊಣೆ ಇದೆ. ಕಲ್ಲಿನಲ್ಲೇ ಆದ ಹೊಂಡ, ಮಳೆನೀರು ತುಂಬಿ ನಿಲ್ಲುತ್ತದೆ. ಅಗಲ ಕಡಿಮೆ, ಆಳ ಜಾಸ್ತಿ. ಆ ಮಗ್ಗುಲಿನಲ್ಲಿ ಬೇಸಿಗೆಗೂ ಉಳಿಯುವ ನೀರು ಅದೊಂದೇ. ನವಿಲು, ಮೊಲ, ಹಂದಿ, ಚಿರತೆ ಎಲ್ಲಕ್ಕೂ ಅದೇ ಗತಿ. ಅದನ್ನು ನೋಡಿಕೊಳ್ಳುತ್ತಿದ್ದವನು ಚಿಕ್ಕಮಾದು. ತಪ್ಪಲಿನ ಹಳ್ಳಿಯವನು, ನಲವತ್ತು ದಾಟಿದವನು, ಏಜೆನ್ಸಿಯೊಂದರ ಮೂಲಕ ಹೊರಗುತ್ತಿಗೆಯಲ್ಲಿ ಕಾಡು ಕಾಯುತ್ತಿದ್ದ. ದೊಣೆಯಲ್ಲಿ ಬಿದ್ದ ಎಲೆ ಗೋರುವುದು, ಪ್ಲಾಸ್ಟಿಕ್ ಹೆಕ್ಕುವುದು, ಸುತ್ತ ಬಿದ್ದ ಹೆಜ್ಜೆ ನೋಡಿ ಯಾವ ಪ್ರಾಣಿ ಬಂದುಹೋಯಿತು ಎಂದು ಮೇಲಿನವರಿಗೆ ಹೇಳುವುದು ಅವನ ಕೆಲಸ. ದೊಣೆಯ ಒಳಮೈಗೆ ಅವನು ಸುಣ್ಣದಲ್ಲಿ ಒಂದು ಗೀಟು ಎಳೆದಿದ್ದ. ಯುಗಾದಿಯ ಹೊತ್ತಿಗೆ ನೀರು ಆ ಗೀಟಿನ ಮೇಲಿದ್ದರೆ ಮುಂದಿನ ಮಳೆಯವರೆಗೂ ಚಿಂತೆಯಿಲ್ಲ.

"ಇದ್ರ ಕೆಳೀಕ್ಕೋದ್ರೆ ನನ್ ಕೆಲ್ಸ ಓಯ್ತು ಅಂತ್ಲೇ ತಿಳ್ಕಳಿ ಅಕ್ಕಾವ್ರೇ" ಎಂದಿದ್ದ ನನಗೆ. "ನೀರಿಲ್ದಿದ್ರೆ ಚಿರತೆ ಊರ್ಗಿಳೀತದೆ. ಇಳುದ್ರೆ ಮೊದ್ಲು ಯಾರ ಕುತ್ಗೆ ಹಿಡೀತಾರೆ? ನಂದೇ."

ನನಗೆ ಎಂ.ಎಸ್ಸಿ.ಯಲ್ಲಿ ಗೊತ್ತಾಗದ್ದನ್ನು ಅವನು ಕಲಿಸಿದ. ಯಾವ ಹೆಜ್ಜೆ ಯಾರದು, ಯಾವ ಗಿಡದ ಎಲೆ ಕಚ್ಚಿದರೆ ಬಾಯಿ ಆರುವುದಿಲ್ಲ, ಬಂಡೆ ಜಾರದ ಹಾಗೆ ಎಲ್ಲಿ ಕಾಲಿಡಬೇಕು, ಎಲ್ಲ. ದೊಣೆಗೆ ಇಳಿಯುವ ಜಾಡು ಹೊಸಬರಿಗೆ ಕಾಣುವುದಿಲ್ಲ. ಒಂದು ಆಲದ ಬೇರು ಹಿಡಿದು, ಬಂಡೆಯ ಮಗ್ಗುಲಲ್ಲಿ ತೂರಿಕೊಂಡು ಹೋಗಬೇಕು. ಅದನ್ನು ಅವನು ನನ್ನ ಕೈ ಹಿಡಿದು ತೋರಿಸಿದ್ದ. ನಾನೂ ಖುಷಿಯಲ್ಲಿ ಆ ತಿಂಗಳ ವರದಿಗೆ ದೊಣೆಯ ಬಗ್ಗೆ ಅರ್ಧ ಪುಟ ಬರೆದೆ. ಎಂಥ ಬುದ್ಧಿ ನನ್ನದು!

ಯುಗಾದಿ ಕಳೆದು ಎರಡು ವಾರಕ್ಕೆ, ತಪಾಸಣಾ ಸಮಿತಿ ಬರುತ್ತದೆ ಎಂದು ಸುದ್ದಿಯಾಯಿತು. ರಸ್ತೆ ಅರ್ಧ ಅಗೆದಿದ್ದರಿಂದ ನೀರಿನ ಟ್ಯಾಂಕರು ಮೂರನೇ ತಿರುವಿಗೆ ಹತ್ತುತ್ತಿರಲಿಲ್ಲ. ಅಲ್ಲಿ ಪಾದ ಮುಳುಗುವಷ್ಟು ಧೂಳು. ನೀರು ಚಿಮುಕಿಸುವ ಷರತ್ತಿನ ಎದುರು ತಿಂಗಳುಗಟ್ಟಲೆ ‘ಪಾಲಿಸಲಾಗಿದೆ’ ಎಂದು ಬರೆಸಿದ್ದ ಸಾಹೇಬರು ಗಾಬರಿಬಿದ್ದರು. ಫೈಲು ತಿರುವುತ್ತಾ ತಿರುವುತ್ತಾ ನನ್ನ ಅರ್ಧ ಪುಟ ಅವರ ಕಣ್ಣಿಗೆ ಬಿತ್ತು.

"ಅಲ್ಲಮ್ಮ, ಕೆಳಗೆ ಒಳ್ಳೇ ನೀರಿದೆ ಅಂತ ನೀನೇ ಬರ್ದಿದೀಯಲ್ಲ! ಪಂಪ್ ಇಳಿಸಿ ಮೇಲಕ್ಕೆತ್ತಿಬಿಟ್ರೆ ಆಯ್ತು."

"ಸಾರ್, ಅದು ಪ್ರಾಣಿಗಳು ಕುಡಿಯೋ ನೀರು."

ಅವರು ನಕ್ಕರು. "ನೀರು ಎಲ್ಲಿಗಮ್ಮ ಹೋಗುತ್ತೆ? ಬೆಟ್ಟದ ನೀರನ್ನ ಬೆಟ್ಟಕ್ಕೇ ಚೆಲ್ತೀವಿ. ನಷ್ಟ ಏನ್ ಬಂತು?"

ಇದನ್ನು ಅವರು ತಮಾಷೆಗೆ ಹೇಳಲಿಲ್ಲ. ನಲವತ್ತು ವರ್ಷ ಪರಿಸರ ಎಂದು ಭಾಷಣ ಮಾಡಿದ ಬಾಯಿಯಿಂದ, ಗಂಭೀರವಾಗಿ, ಲೆಕ್ಕ ಸರಿಹೋದ ಸಮಾಧಾನದಿಂದ ಬಂದ ಮಾತು. ಆಮೇಲೆ, "ಪೈಪಿನವರು ಹೊಸಬರು, ದಾರಿ ತೋರಿಸಿಬಿಡಮ್ಮ" ಎಂದರು. ನಾನು ತೋರಿಸಿದೆ. ನಾನಲ್ಲದಿದ್ದರೆ ಇನ್ನೊಬ್ಬರು ತೋರಿಸುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ.

ಪಂಪು ಶುರುವಾದ ಸದ್ದಿಗೆ ಚಿಕ್ಕಮಾದು ಎಲ್ಲಿಂದಲೋ ಓಡಿ ಬಂದ. "ಬ್ಯಾಡ ಅನ್ನಿ ಅಕ್ಕಾವ್ರೇ ಅವ್ರಿಗೆ! ಗೀಟಿನ ತಾವ್ಕೇ ಬಂದ್ಬುಟ್ಟದೆ ನೀರು. ಇನ್ನೂ ಎಲ್ಡು ತಿಂಗ್ಳು ತಳ್ಬೇಕು" ಎಂದ. "ಎರಡೇ ದಿನ ಚಿಕ್ಕಮಾದು, ಸಮಿತಿಯವರು ಬಂದುಹೋಗಲಿ" ಎಂದೆ. ಸಾಹೇಬರು ನನಗೆ ಹೇಳಿದ ಮಾತನ್ನೇ ಅವನಿಗೆ ದಾಟಿಸಿದೆ. ಅವನು ಏದುಸಿರು ಬಿಡುತ್ತ ರಸ್ತೆಗೆ ಹತ್ತಿ ಜೀಪಿನ ಕಿಟಕಿ ಹಿಡಿದು ನಿಂತ. ಸಾಹೇಬರು ಪೂರ್ತಿ ಕೇಳಿಸಿಕೊಂಡರು. "ಒಳ್ಳೇ ಕಾಳಜಿ ಕಣಪ್ಪ ನಿಂದು. ಇಂಥೋರು ಬೇಕು ನಮ್ ದೇಶಕ್ಕೆ" ಎಂದು ಗಾಜು ಏರಿಸಿದರು. ಪಂಪು ಎರಡು ದಿನ ಓಡುವುದು ನಾಲ್ಕು ದಿನ ಓಡಿತು.

ಸಮಿತಿ ಬಂತು. ರಸ್ತೆಯಲ್ಲಿ ಮದುವೆ ಮನೆ ಮುಂದೆ ನೀರು ಹಾಕಿದ ಹಾಗೆ ತಂಪು. "ಧೂಳೇ ಇಲ್ಲವಲ್ರೀ!" ಎಂದು ಒಬ್ಬರು ಹುಬ್ಬೇರಿಸಿದರು. ಸಾಹೇಬರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, "ಪರಿಸರ ನಮಗೆ ತಾಯಿ ಇದ್ದಂಗೆ ಸಾರ್" ಎಂದರು. ಎಲ್ಲರೂ ಎಳನೀರು ಕುಡಿದು ಇಳಿದುಹೋದರು.

ಮಾರನೆಯ ದಿನ ದೊಣೆಗೆ ಇಳಿದು ನೋಡಿದೆ. ತಳದಲ್ಲಿ ಕರಿ ಕೆಸರು, ಅದರಲ್ಲಿ ಹೊಟ್ಟೆ ಮೇಲಾಗಿ ಬಿದ್ದ ಕಪ್ಪೆಗಳು. ಸುಣ್ಣದ ಗೀಟು ಎಲ್ಲೋ ಮೇಲೆ ಬಿಸಿಲಿಗೆ ಒಣಗುತ್ತಿತ್ತು. ಚಿಕ್ಕಮಾದು ತಪ್ಪಲಿನ ಬೋರ್‌ವೆಲ್ಲಿನಿಂದ ಕೊಡದಲ್ಲಿ ನೀರು ಹೊತ್ತು ತಂದು ಸುರಿಯುತ್ತಿದ್ದ. ಅವನ ಹೆಂಡತಿಯೂ ಒಂದು ಕೊಡ ಹೊತ್ತಿದ್ದಳು. ಇಬ್ಬರೂ ನನ್ನನ್ನು ದಾಟಿಕೊಂಡು ಮತ್ತೆ ಕೆಳಗಿಳಿದರು. ಕೊಡದ ನೀರು ಕಾದ ಬಂಡೆಯ ಮೇಲೆ ಎಷ್ಟು ಹೊತ್ತು ನಿಂತೀತು?

ಹತ್ತು ದಿನಕ್ಕೆ ಚಿರತೆ ತಪ್ಪಲಿನ ಬಡಾವಣೆಗೆ ಇಳಿಯಿತು. ಯಾರದೋ ಗೇಟಿನೊಳಗೆ ಕಟ್ಟಿದ್ದ ನಾಯಿಯನ್ನು ಎತ್ತಿಕೊಂಡು ಹೋಯಿತು. ಆ ವಿಡಿಯೋ ಊರಿನ ಎಲ್ಲರ ಫೋನಿಗೂ ಬಂತು. ಜನ ರಸ್ತೆಗಿಳಿದು ಗಲಾಟೆ ಮಾಡಿದರು, ಬೋನಿಟ್ಟರು, ಚಿರತೆ ಬಿತ್ತು, ಅದನ್ನು ಎಲ್ಲಿಗೋ ಸಾಗಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಕಾಡಿನಲ್ಲಿ ನೀರು ಯಾಕಿರಲಿಲ್ಲ ಎಂದು ಮೇಲಿನಿಂದ ಪ್ರಶ್ನೆ ಬಂತು.

ಆ ತಿಂಗಳ ವರದಿಯಲ್ಲಿ ನೀರು ಚಿಮುಕಿಸುವ ಷರತ್ತಿನ ಎದುರು ನಾನು ‘ನೀರಿನ ಮೂಲ: ದೊಣೆ’ ಎಂದು ಬರೆದಿದ್ದೆ. ಸಾಹೇಬರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ, "ಅಷ್ಟೊಂದು ವಿವರ ಯಾಕಮ್ಮ? ‘ಸ್ಥಳೀಯ’ ಅಂತ ಹಾಕು" ಎಂದರು. ಪ್ರಾಣಿಗಳ ಷರತ್ತಿನ ಎದುರು ತಾವೇ ಹೇಳಿ ಬರೆಸಿದರು: ‘ಬೇಸಿಗೆಯ ಕಾರಣ ದೊಣೆಯು ಸಹಜವಾಗಿ ಬತ್ತಿರುತ್ತದೆ. ಮುಂಚಿತವಾಗಿ ತಿಳಿಸುವಲ್ಲಿ ಕಾವಲುಗಾರನ ಲೋಪ ಕಂಡುಬಂದಿರುತ್ತದೆ.’ ಯಾರನ್ನೂ ಹಾಳು ಮಾಡುವ ಉದ್ದೇಶ ಅವರಿಗಿರಲಿಲ್ಲ, ಕಾಲಂ ತುಂಬಬೇಕಿತ್ತು, ಅಷ್ಟೇ. ಕೆಳಗೆ ಸಹಾಯಕಿಯ ಸಹಿ ಬೇಕು. ಅಮ್ಮನ ಔಷಧಿ, ಮನೆ ಬಾಡಿಗೆ, ನೆಪಗಳಿಗೇನು ಬರವೇ? ಸಹಿ ಹಾಕಿದೆ. ನಾಲ್ಕನೇ ದಿನಕ್ಕೆ ಏಜೆನ್ಸಿಯವರು ಚಿಕ್ಕಮಾದುವಿಗೆ ನಾಳೆಯಿಂದ ಬರಬೇಡ ಎಂದರು.

ಮೂರು ವಾರ ಹಾಗೇ ಕಳೆಯಿತು. ಕೊನೆಗೆ ಒಂದು ದಿನ ಕೂತು, ಪಂಪು, ಪೈಪು, ನಾಲ್ಕು ದಿನ, ಕೆಂಪು ಪೆನ್ನು ಎಲ್ಲವನ್ನೂ ಬಿಡದೆ ಎರಡು ಪುಟದ ದೂರು ಬರೆದೆ. ಒಂದು ಪ್ರತಿ ಮೇಲಿನ ಕಚೇರಿಗೆ ಹಾಕಿ, ಇನ್ನೊಂದನ್ನು ಸಾಹೇಬರ ಕೈಗೇ ಕೊಟ್ಟೆ. ಕೂಗಾಡುತ್ತಾರೆ, ಕೆಲಸದಿಂದ ಕಿತ್ತುಹಾಕುತ್ತಾರೆ, ಆಗ ಮುಖಕ್ಕೆ ಹೊಡೆದ ಹಾಗೆ ಏನೇನು ಹೇಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಅವರು ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ಓದಿದರು. ಆ ಎರಡು ವರ್ಷದಲ್ಲಿ ಅವರು ಕಣ್ಣು ಬಿಟ್ಟು ಓದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಓದಿ ಮುಗಿಸಿ ತಲೆಯೆತ್ತಿದರೆ ಮುಖ ಅರಳಿದೆ!

"ಒಳ್ಳೇ ಕೆಲಸ ಮಾಡ್ದೆ ಕಣಮ್ಮ! ಈ ಒಂದು ಕಾಲಂ ಮೊದಲಿಂದ್ಲೂ ಖಾಲಿ ಬಿದ್ದಿತ್ತು ನೋಡು."

ಷರತ್ತುಗಳ ಪಟ್ಟಿಯಲ್ಲಿ ಕಡೆಯದೊಂದಿತ್ತು: ‘ಕಾಮಗಾರಿಯ ಬಗ್ಗೆ ಬಂದ ದೂರುಗಳನ್ನು ಸ್ವೀಕರಿಸಿ ದಾಖಲಿಸತಕ್ಕದ್ದು.’ ಅಲ್ಲಿಯವರೆಗೆ ಯಾರೂ ಬರೆದು ದೂರು ಕೊಟ್ಟಿರಲಿಲ್ಲ. ಸಾಹೇಬರು ತಮ್ಮ ಕೈಯಾರೆ, ಗುಂಡಗಿನ ಅಕ್ಷರದಲ್ಲಿ, ಅದರ ಎದುರು ‘ಪಾಲಿಸಲಾಗಿದೆ’ ಎಂದು ಬರೆದರು. ನನ್ನ ದೂರಿಗೆ ‘ಅನುಬಂಧ ಏಳು’ ಎಂದು ನಂಬರು ಹಾಕಿ ಫೈಲಿಗೆ ಪಂಚ್ ಮಾಡಿದರು. ಮೇಲಿನ ಕಚೇರಿಯಿಂದ ನನಗೆ ಒಂದು ಸಾಲಿನ ಉತ್ತರ ಬಂತು, ನಿಮ್ಮ ದೂರು ಈಗಾಗಲೇ ವರದಿಯಲ್ಲಿ ದಾಖಲಾಗಿರುತ್ತದೆ ಎಂದು. ಬೈದಿದ್ದರೆ ನಾನು ಅವರನ್ನು ಮನುಷ್ಯ ಎಂದಾದರೂ ಅಂದುಕೊಳ್ಳುತ್ತಿದ್ದೆ. ಥೂ, ಅದೇನು ಜನ್ಮವೋ! ಆ ಉತ್ತರ ಬಂದ ದಿನವೇ ಕೆಲಸ ಬಿಟ್ಟು ಬಂದೆ.

ಚಿಕ್ಕಮಾದುವನ್ನು ಹುಡುಕಿಕೊಂಡು ಹೋದದ್ದು ಆ ವಾರವೇ. ಉದಯಗಿರಿಯಲ್ಲಿ ಗಾಡಿ ತೊಳೆಯುವ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆ ಎಂದು ಅವನ ಹೆಂಡತಿ ಹೇಳಿದಳು. ಹೋದಾಗ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಯಾರದೋ ಕಾರಿನ ಚಕ್ರಕ್ಕೆ ಪೈಪು ಹಿಡಿದು ನಿಂತಿದ್ದ. ನನ್ನನ್ನು ನೋಡಿ ನೀರು ನಿಲ್ಲಿಸಿದ. "ನಿನಗೋಸ್ಕರ ಬರೆದಿದ್ದೀನಿ ಕಣೋ" ಎಂದು ದೂರಿನ ಪ್ರತಿ ತೆಗೆದೆ. ಅವನಿಗೆ ಓದಲು ಬಾರದು. ನಾನೇ ನಿಂತು ಎರಡು ಪುಟವನ್ನೂ ಓದಿ ಹೇಳಿದೆ. ಅವನು ಕೈ ಒರೆಸಿಕೊಳ್ಳುತ್ತ ಕೇಳಿದ.

ಓದಿ ಮುಗಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. ಬೀದಿ ಎಂಬುದನ್ನೂ ಮರೆತು ಸಾಹೇಬರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಅಯೋಗ್ಯ ಎಂದೆ, ಬೆಟ್ಟಕ್ಕೆ ಹಿಡಿದ ಗೆದ್ದಲು ಎಂದೆ, ಆ ಮನುಷ್ಯನಿಂದಲೇ ನಿನ್ನ ಕೆಲಸ ಹೋಯಿತು ಎಂದೆ. ಚಿಕ್ಕಮಾದು ನನ್ನ ಕೈಯಲ್ಲಿದ್ದ ಕಾಗದದ ಕಡೆ ನೋಡಿದ.

"ಇದ್ನ ಅವತ್ತೇ ಬರ್ದಿದ್ರೆ ನನ್ ಕೆಲ್ಸ ಉಳೀತಿತ್ತಾ ಅಕ್ಕಾವ್ರೇ?" ಎಂದು ಕೇಳಿದ.

"ಉಳಿಯುತ್ತಿತ್ತೇನೋ" ಎಂದೆ.

ಅವನು ಕಾರಿನ ಕಡೆ ತಿರುಗಿ ಪೈಪು ಎತ್ತಿಕೊಂಡ. ದನಿಯಲ್ಲಿ ಸಿಟ್ಟಿರಲಿಲ್ಲ.

"ಸಾಹೇಬ್ರನ್ನ ಬೈಬ್ಯಾಡಿ ಬುಡಿ. ಅವ್ರು ದೊಣೆ ತಾವ್ಕೆ ಒಂದ್ ದಿನಾನೂ ಇಳೀನಿಲ್ಲ. ಅದು ಎಂಗದೆ ಅಂತ್ಲೂ ಅವ್ರಿಗೆ ತಿಳೀದು. ನಿಮ್ಗೆ ತಿಳಿದಿತ್ತು."